ಚಾರ್ಲ್ಸ್ ಅಲ್ಲ, ಮೇರಿ

ಸಂಪಾದಕರಿಗೆ ನಮಸ್ಕಾರ,

ಸಾಹಿತ್ಯ ಪುರವಣೀಲಿ ಅಮೆರಿಕದ ಮೇರಿ ಮರ್ಫ್ರೀ ಬಗ್ಗೆ ಒಂದ್ಸಲ ಬರೀರಿ ಸರ್. ಟೆನ್ನೆಸ್ಸೀ ಬೆಟ್ಟದ ಜನರ ಮಾತು, ಬದುಕನ್ನ ಕಥೆ ಮಾಡಿದ ಹೆಣ್ಮಗಳು, ಆದ್ರೆ ಬರೀತಿದ್ದಿದ್ದು ಚಾರ್ಲ್ಸ್ ಎಗ್ಬರ್ಟ್ ಕ್ರ್ಯಾಡಕ್ ಅನ್ನೋ ಹೆಸರಲ್ಲಿ. 1884ರಲ್ಲಿ ಕಥಾಸಂಕಲನ ಬಂದಾಗ್ಲೂ ಓದುಗರು ಗಂಡಸು ಅಂತಾನೇ ನಂಬಿದ್ರು, ಮರುವರ್ಷ ಅವರು ಬಾಸ್ಟನ್‌ಗೆ ಹೋಗಿ ಅಟ್ಲಾಂಟಿಕ್ ಮಂತ್ಲಿ ಅನ್ನೋ ಪತ್ರಿಕೆ ಸಂಪಾದಕ ಆಲ್ಡ್ರಿಚ್ ಎದುರು ನಿಂತು ನಾನೇ ಕ್ರ್ಯಾಡಕ್ ಅಂದಾಗ ಆ ಮನುಷ್ಯ ದಂಗಾಗಿಬಿಟ್ರು! ಚಿಕ್ಕಂದಿನಲ್ಲೇ ಕಾಯಿಲೆಯಿಂದ ಕಾಲು ಕುಂಟಾಗಿತ್ತು, ಬೇಸಿಗೆ ಕಳೀತಿದ್ದಿದ್ದು ಬೀರ್ಷೀಬಾ ಸ್ಪ್ರಿಂಗ್ಸ್ ಅನ್ನೋ ಬೆಟ್ಟದೂರಲ್ಲಿ, ಅಲ್ಲಿ ನೋಡಿದ್ದು ಕೇಳಿದ್ದೇ ಕಥೆ ಆಯ್ತು. ಬೆಟ್ಟದೋರನ್ನ ಹೊರಗಿನವರ ಕಣ್ಣಲ್ಲಿ ನೋಡಿದ್ರು ಅನ್ನೋ ಟೀಕೆ ಇದೆ, ನನಗೂ ಅದು ಸರಿ ಅನ್ಸುತ್ತೆ, ಆದ್ರೂ ಓದಬೇಕು. ಬರೆಯುವಾಗ ಮೇರಿ ಅನ್ನೋ ಹೆಸರನ್ನೇ ತಲೆಬರಹದಲ್ಲಿ ಹಾಕಿ ಪ್ಲೀಸ್.

ಓದುಗ, ಶಿವಮೊಗ್ಗ