ಅಜ್ಜಿಯ ಮಾತು ರೆಕಾರ್ಡ್ ಮಾಡಿಡು, ಅಪ್ಪಯ್ಯ

ಪ್ರಾಗ್
ಮಾರ್ಚ್ ತಿಂಗಳು

ಪ್ರೀತಿಯ ಅಪ್ಪಯ್ಯ,

ನಿನಗೂ ಅಮ್ಮನಿಗೂ ನಮಸ್ಕಾರ. ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಅಮ್ಮ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಅರ್ಧ ಬಾಟಲಿ ಉಳಿದಿದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈಗ ಇಲ್ಲಿ ‘ಯೆಡೆನ್ ಸ್ವ್ಯೆತ್’ ನಡೆಯುತ್ತಿದೆ. ಹಾಗೆಂದರೆ ‘ಒಂದೇ ಲೋಕ’. ಮಾನವ ಹಕ್ಕುಗಳಿಗೇ ಮೀಸಲಾದ ಸಾಕ್ಷ್ಯಚಿತ್ರೋತ್ಸವ, 1999ರಲ್ಲಿ ಶುರುವಾದದ್ದು. ಪ್ರಾಗ್‌ನಲ್ಲಿ ಮುಗಿದ ಮೇಲೆ ಚಿತ್ರಗಳು ಹತ್ತಾರು ಸಣ್ಣ ಊರುಗಳಿಗೂ ಹೋಗುತ್ತವೆ. ನಾನು ಕೆಲಸ ಮುಗಿಸಿ ಮೂರು ಸಂಜೆ ಲುತ್ಸೆರ್ನಾ ಚಿತ್ರಮಂದಿರಕ್ಕೆ ಹೋಗಿದ್ದೆ. ಆ ಕಟ್ಟಡ ಕಟ್ಟಿಸಿದವರು ವಾತ್ಸ್‌ಲಾವ್ ಹಾವೆಲ್ ಅವರ ತಾತ. ನಾಟಕ ಬರೆದು, ಜೈಲು ಕಂಡು, 1989ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ಅಧ್ಯಕ್ಷರಾದರಲ್ಲ, ಅವರೇ ಹಾವೆಲ್. ಚಿತ್ರ ಮುಗಿದರೂ ಜನ ಏಳುವುದಿಲ್ಲ. ಚಿತ್ರ ಮಾಡಿದವರು ಎದುರಿಗೆ ಬಂದು ಕೂರುತ್ತಾರೆ, ಪ್ರಶ್ನೆಗಳು ಶುರುವಾಗುತ್ತವೆ.

ಈ ಉತ್ಸವದ ಒಂದು ಪ್ರಶಸ್ತಿಗೆ ಹಿಂದೆ ರುಡಾಲ್ಫ್ ವ್ರಬಾ ಅವರ ಹೆಸರಿತ್ತು. ಸ್ಲೊವಾಕಿಯಾದ ಯಹೂದಿ ಹುಡುಗ. 1944ರ ಏಪ್ರಿಲ್‌ನಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಜೊತೆಯ ಕೈದಿ ಆಲ್ಫ್ರೆಡ್ ವೆಟ್ಸ್ಲರ್ ಜೊತೆ ನಾಜಿಗಳ ಆಶ್‌ವಿಟ್ಸ್ ಸಾವಿನ ಶಿಬಿರದಿಂದ ತಪ್ಪಿಸಿಕೊಂಡು ಬಂದ. ಮೂರು ದಿನ ಮರದ ರಾಶಿಯೊಳಗೆ ಅಡಗಿ, ಆಮೇಲೆ ನಡೆದು ಗಡಿ ದಾಟಿದರು. ಯಾವ ರೈಲಿನಲ್ಲಿ ಎಷ್ಟು ಜನ ಬಂದರು ಎಂಬ ಲೆಕ್ಕವನ್ನು ವ್ರಬಾ ತಲೆಯಲ್ಲೇ ಇಟ್ಟುಕೊಂಡಿದ್ದ. ಇಬ್ಬರೂ ಹೇಳಿದ್ದನ್ನು ಬರೆದುಕೊಂಡಾಗ, ಅಲ್ಲಿ ನಡೆಯುತ್ತಿದ್ದ ಕೊಲೆಗಳ ವಿವರ ಹೊರಜಗತ್ತಿಗೆ ಸಿಕ್ಕಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ನೋಡಿದ್ದು ಅಣೆಕಟ್ಟಿಗೆ ಮುಳುಗಿದ ಹಳ್ಳಿಯೊಂದರ ಚಿತ್ರ. ಒಬ್ಬ ಮುದುಕಿ ನೀರಿನ ಕಡೆ ಬೆರಳು ತೋರಿಸಿ, ಅಲ್ಲಿ ಬಾವಿ, ಇಲ್ಲಿ ಕೊಟ್ಟಿಗೆ ಎನ್ನುತ್ತಾಳೆ. ನಮ್ಮ ಅಜ್ಜಿಯೇ, ಅಪ್ಪಯ್ಯ! ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ಅವಳೂ ಹೀಗೇ ತೋರಿಸುತ್ತಾಳಲ್ಲ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಆ ಕರೆಂಟು ರಾಜ್ಯಕ್ಕೆಲ್ಲ ಹೋಯಿತು. ಮುಳುಗಡೆಯವರು ಇವತ್ತಿಗೂ ಹಕ್ಕುಪತ್ರಕ್ಕೆ ಅರ್ಜಿ ಹಿಡಿದು ಅಲೆಯುತ್ತಿದ್ದಾರೆ. ಕಚೇರಿಯ ಕಡತದಲ್ಲಿ ಎಕರೆ ಗುಂಟೆ ಇರಬಹುದು, ಅಜ್ಜಿ ಕಂಡದ್ದು ಅಲ್ಲಿಲ್ಲ. ಅದು ಅವಳ ತಲೆಯಲ್ಲಿ ಮಾತ್ರ ಇದೆ, ಅವಳಿಗೆ ಎಂಬತ್ತಾರು ನಡೆಯುತ್ತಿದೆ.

ಅದಕ್ಕೇ ಕೇಳುತ್ತಿದ್ದೇನೆ. ಒಂದು ಮಧ್ಯಾಹ್ನ ಊಟ ಆದಮೇಲೆ ಜಗಲಿಯಲ್ಲಿ ಅವಳನ್ನು ಕೂರಿಸಿ, ನಿನ್ನ ಮೊಬೈಲಿನಲ್ಲಿ ರೆಕಾರ್ಡ್ ಹಾಕು. ಊರು ಬಿಡಿಸಲು ಲಾರಿ ಬಂದ ದಿನ ಏನೇನು ಹೇರಿದರು, ಏನು ಬಿಟ್ಟು ಬಂದರು, ಎಮ್ಮೆಗಳು ಏನಾದವು, ಕಾಡಿನಲ್ಲಿ ಇಳಿಸಿದ ಮೊದಲ ರಾತ್ರಿ ಹೇಗಿತ್ತು, ಎಲ್ಲ ಕೇಳು. ಅವಳು ಇಸವಿ ತಪ್ಪಿದರೆ ತಿದ್ದಬೇಡ. ಅತ್ತರೆ ಸುಮ್ಮನೆ ಪಕ್ಕದಲ್ಲಿ ಕೂತಿರು, ಫೋನ್ ಮಾತ್ರ ಆಫ್ ಮಾಡಬೇಡ.

ನಿನ್ನ ಮಗಳು