ಕೋಡಿಂಗ್ ರೌಂಡ್ ಇರುವವರ ಗಮನಕ್ಕೆ
ಗೆಳೆಯರೇ, ಮುಂದಿನ ವಾರ ಕೋಡಿಂಗ್ ರೌಂಡ್, ಅಂದರೆ ಕೋಡ್ ಬರೆಸಿ ನೋಡುವ ಇಂಟರ್‌ವ್ಯೂ ಇರುವವರು ಇನ್ನೂ ನೂರು ಪ್ರಾಬ್ಲಮ್ ಬಿಡಿಸುವ ಆತುರ ಮಾಡಬೇಡಿ. ಈಗಾಗಲೇ ಮಾಡಿರುವುದನ್ನೇ ಬಾಯಿಬಿಟ್ಟು ವಿವರಿಸಿ ನೋಡಿ.

ಉದಾಹರಣೆಗೆ ಬೈನರಿ ಸರ್ಚ್ ತಗೊಳ್ಳಿ, ಅಂದರೆ ಪ್ರತಿ ಸಲ ನಡುವಿನ ಸಂಖ್ಯೆಯ ಜೊತೆ ಹೋಲಿಸಿ ಹುಡುಕುವ ವಿಧಾನ. ಏರಿಕೆ ಕ್ರಮದಲ್ಲಿರುವ 10 ಲಕ್ಷ ಸಂಖ್ಯೆಗಳಲ್ಲಿ ಒಂದನ್ನು ಹುಡುಕಲು ಸುಮಾರು 20 ಹೆಜ್ಜೆ ಸಾಕು. ಯಾಕೆ? ಪ್ರತಿ ಸಲ ಅರ್ಧ ಭಾಗ ಬಿಟ್ಟುಹೋಗುತ್ತದೆ, ಅದಕ್ಕೆ. ಇಷ್ಟನ್ನು ತಡವರಿಸದೆ ಹೇಳಲು ಬರಬೇಕು, ಅಲ್ವಾ?

ಕೋಡ್ ಬರೆದ ಮೇಲೆ ಖಾಲಿ ಅರೇ (ಸಂಖ್ಯೆಗಳ ಪಟ್ಟಿ), ಒಂದೇ ಸಂಖ್ಯೆ ಇರುವ ಅರೇ ಎರಡನ್ನೂ ಕೊಟ್ಟು ಕೋಡನ್ನು ಪೇಪರ್ ಮೇಲೆ ಓಡಿಸಿ ನೋಡಿ. ನಾನೊಮ್ಮೆ ಖಾಲಿ ಅರೇ ಮರೆತು ಅಲ್ಲೇ ಸಿಕ್ಕಿಬಿದ್ದೆ, ಈಗಲೂ ಬೇಜಾರಿದೆ.

ರೆಸ್ಯೂಮೆಯಲ್ಲಿ ಸುಮ್ನೆ ಟೆಕ್ನಾಲಜಿಗಳ ಹೆಸರು ತುಂಬಿಸಬೇಡಿ. ಬರೆದದ್ದನ್ನೆಲ್ಲ ಕೇಳುತ್ತಾರೆ.

ಭಾನುವಾರ ಬೆಳಿಗ್ಗೆ 10ಕ್ಕೆ ಅಭ್ಯಾಸಕ್ಕಾಗಿ ಮಾಕ್ ಇಂಟರ್‌ವ್ಯೂ ಮಾಡೋಣ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.