ಬೆಡ್ ಮಾಡೋದು ಯಾಕೆ ಕಲಿಸ್ತಾರೆ ಅಂತ ಕೇಳಿದ್ಯಲ್ಲ, ಪುಟ್ಟಿ

ಪುಟ್ಟಿ,

ಮೊನ್ನೆ ನೀನು ಫೋನ್ ಮಾಡ್ದಾಗ ವಾರ್ಡಲ್ಲಿ ರೌಂಡ್ಸ್ ನಡೀತಿತ್ತು, ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಟ್ಟೆ, ನಾನು ಮಾಡೋ ಹೊತ್ತಿಗೆ ನೀನು ಕ್ಲಾಸಿಗೆ ಹೋಗಿದ್ದೆ. ಅದಕ್ಕೇ ಬರೆದೇ ಕಳಿಸ್ತಾ ಇದೀನಿ, ಉದ್ದ ಆಯ್ತು ಅಂತ ಬೈಕೋಬೇಡ, ಬಸ್ಸಲ್ಲಿ ಕೂತ್ಕೊಂಡು ಓದು.

ನಿನ್ನ ಕಂಪ್ಲೇಂಟು ಏನಪ್ಪಾ ಅಂದ್ರೆ, ಬಿಎಸ್ಸಿ ನರ್ಸಿಂಗ್ ಅಂತ ಸೇರಿಸಿಬಿಟ್ಟು ಬೆಡ್‌ಶೀಟ್ ಮೂಲೆ ಮಡಚೋದು ಕಲಿಸ್ತಾ ಇದಾರೆ, ಸುಕ್ಕು ಬಂತು ಅಂತ ಮೇಡಂ ಎಲ್ಲಾ ಬಿಚ್ಚಿಸಿ ಮತ್ತೆ ಮಾಡಿಸಿದ್ರು, ಇದಕ್ಕಾ ನಾನು ಪಿಯುಸಿ ಸೈನ್ಸ್ ಓದಿದ್ದು ಅಂತ. ಜೊತೆಗೆ ‘ನರ್ಸಿಂಗ್‌ನ ಕೋರ್ ವ್ಯಾಲ್ಯೂಸ್’ ಅಂತ ಅಸೈನ್‌ಮೆಂಟು ಬೇರೆ, ಅದಕ್ಕೆ ಪಾಯಿಂಟ್ಸ್ ವಾಟ್ಸಾಪ್ ಮಾಡಪ್ಪ ಅಂದೆ. ಪಾಯಿಂಟ್ಸ್ ನಿನ್ನ ಫೌಂಡೇಶನ್ಸ್ ಪುಸ್ತಕದಲ್ಲೇ ಇದಾವೆ ಮಗಳೇ, ಕಾಳಜಿ, ಘನತೆ, ಪ್ರಾಮಾಣಿಕತೆ, ನ್ಯಾಯ, ರೋಗಿಯ ಸ್ವಂತ ನಿರ್ಧಾರಕ್ಕೆ ಮರ್ಯಾದೆ, ಇನ್ನೊಂದೆರಡು ಇರಬಹುದು, ನೋಡ್ಕೊಂಡು ಬರಿ, ಮಾರ್ಕ್ಸ್ ಬರುತ್ತೆ. ನಾನು ಹೇಳೋಕೆ ಹೊರಟಿರೋದು ಏನಂದ್ರೆ ನಿನ್ನ ಬೆಡ್‌ಶೀಟೂ ಆ ಅಸೈನ್‌ಮೆಂಟೂ ಎರಡೂ ಒಂದೇ ಪಾಠ.

ಸುಕ್ಕು ಯಾಕೆ ಇರಬಾರದು ಗೊತ್ತಾ? ನೋಡೋಕೆ ಚೆನ್ನಾಗಿರಲಿ ಅಂತಲ್ಲ. ಸ್ಟ್ರೋಕ್ ಆಗಿ ಮಲಗಿರೋರು, ಸೊಂಟ ಮುರಿದೋರು, ಪ್ರಜ್ಞೆ ಇಲ್ದೋರು, ಇವರೆಲ್ಲ ತಾವಾಗೇ ಮಗ್ಗಲು ಬದಲಾಯಿಸಲ್ಲ. ಮೂಳೆ ಉಬ್ಬಿರೋ ಜಾಗ ಇರುತ್ತಲ್ಲ, ಬೆನ್ನಿನ ಕೆಳಗಡೆ, ಸೊಂಟದ ಪಕ್ಕ, ಹಿಮ್ಮಡಿ, ಅಲ್ಲಿ ಚರ್ಮ ಮೂಳೆಗೂ ಹಾಸಿಗೆಗೂ ಮಧ್ಯೆ ಸಿಕ್ಕಾಕ್ಕೊಂಡು ರಕ್ತ ಓಡಾಟ ನಿಂತುಹೋಗುತ್ತೆ, ಅದರ ಮೇಲೆ ಬೆವರು, ಮೂತ್ರದ ಒದ್ದೆ, ಬೆಡ್‌ಶೀಟ್ ಸುಕ್ಕು ಸೇರಿದ್ರೆ ಮುಗೀತು, ಮೊದಲು ಕೆಂಪಗಾಗುತ್ತೆ, ಒತ್ತಿದ್ರೂ ಕೆಂಪು ಹೋಗಲ್ಲ, ಆಮೇಲೆ ಬೊಬ್ಬೆ, ಆಮೇಲೆ ಗುಂಡಿ, ಮೂಳೆ ಕಾಣೋ ತನಕ ಹೋಗುತ್ತೆ. ಎಷ್ಟೋ ಜನ ಬಂದ ಕಾಯಿಲೆ ವಾಸಿಯಾಗಿ ಬೆಡ್‌ಸೋರ್‌ ಸೋಂಕಿಂದ ಹೋಗಿರೋದು ನಾನು ನೋಡಿದೀನಿ. ಅದನ್ನ ತಡೆಯೋಕೆ ಎರಡೆರಡು ಗಂಟೆಗೆ ಒಂದು ಸಲ ಮಗ್ಗಲು ತಿರುಗಿಸಬೇಕು, ಎಳೀಬಾರದು, ಎತ್ತಿ ತಿರುಗಿಸಬೇಕು, ಒದ್ದೆ ಒರೆಸಿ ಒಣಗಿಸಬೇಕು, ಚರ್ಮ ನೋಡಬೇಕು, ಚಾರ್ಟಲ್ಲಿ ಬರೀಬೇಕು. ರಾತ್ರಿ ಎರಡು ಗಂಟೆಗೂ ತಿರುಗಿಸಿದ್ಯಾ ಅಂತ ಯಾರೂ ಬಂದು ನೋಡಲ್ಲ, ಆ ರೋಗಿಗೆ ಹೇಳೋಕೆ ಬಾಯಿಲ್ಲ. ಸುಮ್ನೆ ಚಾರ್ಟಲ್ಲಿ ಟಿಕ್ ಹಾಕಿದ್ರೂ ಬೆಳಿಗ್ಗೆ ಯಾರಿಗೂ ಗೊತ್ತಾಗಲ್ಲ. ಪುಸ್ತಕದಲ್ಲಿ ಇಂಟೆಗ್ರಿಟಿ ಅಂತ ದೊಡ್ಡಕ್ಷರದಲ್ಲಿ ಹಾಕಿರ್ತಾರಲ್ಲ, ನಮ್ಮ ಕೆಲಸದಲ್ಲಿ ಅದು ಇಷ್ಟೇ, ಆ ಟಿಕ್ಕು ನಿಜಾನಾ ಅಂತ.

ನಿಂಗೆ ಅರುಣಾ ಶಾನಭಾಗ ಹೆಸರು ಗೊತ್ತಿರಬೇಕು, ಗೊತ್ತಿಲ್ದಿದ್ರೆ ತಿಳ್ಕೋ. ನಮ್ಮ ಹೊನ್ನಾವರದ ಹತ್ರ ಹಳದೀಪುರದ ಹುಡುಗಿ, ಮುಂಬೈ ಕೆಇಎಂ ಆಸ್ಪತ್ರೆಲಿ ನರ್ಸು. 1973ರ ನವೆಂಬರ್ 27ಕ್ಕೆ ಅದೇ ಆಸ್ಪತ್ರೆಯ ಒಬ್ಬ ಸ್ವೀಪರ್ ಅವಳ ಮೇಲೆ ದೌರ್ಜನ್ಯ ಮಾಡಿ ನಾಯಿ ಕಟ್ಟೋ ಚೈನಿಂದ ಕತ್ತು ಬಿಗಿದ, ಮೆದುಳಿಗೆ ರಕ್ತ ಹೋಗೋದು ನಿಂತು ಮತ್ತೆ ಅವಳು ಮೊದಲಿನ ಥರ ಏಳಲೇ ಇಲ್ಲ. ಆವಾಗ ಅವಳಿಗೆ ಇಪ್ಪತ್ತೈದು ವರ್ಷ. ತೀರ್ಕೊಂಡಿದ್ದು 2015ರ ಮೇ 18ಕ್ಕೆ, ಅಂದ್ರೆ ಹತ್ತಿರ ಹತ್ತಿರ 42 ವರ್ಷ ಅದೇ ಆಸ್ಪತ್ರೆಲೇ ಮಲಗಿದ್ದಳು. ನೋಡ್ಕೊಂಡಿದ್ದು ಅಲ್ಲಿನ ನರ್ಸ್‌ಗಳು, ಒಂದು ಬ್ಯಾಚ್ ರಿಟೈರ್ ಆದ್ಮೇಲೆ ಇನ್ನೊಂದು ಬ್ಯಾಚ್, ಅವಳನ್ನ ಓಡಾಡ್ತಾ ಇದ್ದಾಗ ಒಂದು ಸಲಾನೂ ನೋಡದೇ ಇದ್ದ ಹುಡುಗೀರೆಲ್ಲ ನೋಡ್ಕೊಂಡ್ರು. ಮಧ್ಯೆ ಎಂಬತ್ತರ ದಶಕದಲ್ಲಿ ಕಾರ್ಪೊರೇಷನ್‌ನವರು ಬೆಡ್ ಖಾಲಿ ಮಾಡಿಸಿ ಬೇರೆ ಕಡೆ ಸಾಗಿಸೋಣ ಅಂತ ಹೊರಟಾಗ ನರ್ಸ್‌ಗಳೇ ಪ್ರತಿಭಟನೆಗೆ ಇಳಿದು ತಡೆದ್ರು. ಆಮೇಲೆ ಅವಳನ್ನ ಹೀಗೇ ಉಳಿಸ್ಬೇಕಾ ಅನ್ನೋ ಕೇಸು ಸುಪ್ರೀಂ ಕೋರ್ಟಿಗೆ ಹೋದಾಗ ಇಷ್ಟು ವರ್ಷದಲ್ಲಿ ಅವಳಿಗೆ ಒಂದೇ ಒಂದು ಬೆಡ್‌ಸೋರ್ ಆಗಿಲ್ಲ ಅಂತ ಆಸ್ಪತ್ರೆ ಕಡೆಯಿಂದ ಹೇಳಿದ್ರು. ವಾರ್ಡಲ್ಲಿ ಕೆಲಸ ಮಾಡ್ದೋರಿಗೆ ಗೊತ್ತಾಗುತ್ತೆ ಆ ಒಂದು ಮಾತಿನ ತೂಕ ಎಷ್ಟು ಅಂತ, ನಮ್ಮಲ್ಲಿ ಒಂದು ತಿಂಗಳು ಮಲಗಿರೋರಿಗೆ ಬರದ ಹಾಗೆ ನೋಡ್ಕೊಳ್ಳೋದೇ ಕಷ್ಟ.

ಅದೇ ಕೇಸಲ್ಲಿ ಇನ್ನೊಂದು ವಿಷಯ ಇದೆ, ಅದನ್ನೂ ಬಿಡಬಾರದು. ಅವಳ ಪರವಾಗಿ ಅಂತ ಒಬ್ಬ ಪತ್ರಕರ್ತೆ, ಊಟ ನಿಲ್ಲಿಸಿ ಅವಳನ್ನ ನೆಮ್ಮದಿಯಾಗಿ ಹೋಗೋಕೆ ಬಿಡಿ ಅಂತ ಅರ್ಜಿ ಹಾಕಿದ್ರು. ನರ್ಸ್‌ಗಳು ಬೇಡವೇ ಬೇಡ ಅಂದ್ರು. 2011ರ ಮಾರ್ಚ್ 7ಕ್ಕೆ ಕೋರ್ಟು ಅರ್ಜಿ ತಳ್ಳಿಹಾಕ್ತು, ಆದ್ರೆ ಕೆಲವು ಸಂದರ್ಭದಲ್ಲಿ ಜೀವ ಉಳಿಸೋ ಚಿಕಿತ್ಸೆ ನಿಲ್ಲಿಸಬಹುದು ಅಂತ ಮೊದಲ ಸಲ ದಾರಿ ಮಾಡಿಕೊಡ್ತು. 2018ರಲ್ಲಿ ಅದೇ ಕೋರ್ಟು ಲಿವಿಂಗ್ ವಿಲ್‌ಗೂ, ಅಂದ್ರೆ ಮುಂದೆ ನಂಗೆ ಮಾತಾಡೋಕಾಗದ ಸ್ಥಿತಿ ಬಂದ್ರೆ ಇಂಥ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡೋದಕ್ಕೂ ಒಪ್ಪಿಗೆ ಕೊಡ್ತು, ನಮ್ಮ ಕರ್ನಾಟಕ ಸರ್ಕಾರ 2025ರ ಜನವರಿಲಿ ಅದನ್ನ ಆಸ್ಪತ್ರೆಗಳಲ್ಲಿ ಹೇಗೆ ಜಾರಿ ಮಾಡಬೇಕು ಅಂತ ಸುತ್ತೋಲೆ ಹೊರಡಿಸ್ತು. ಅರುಣಾಗೆ ಏನು ಬೇಕಿತ್ತು ಅಂತ ಕೇಳೋಕೆ ಯಾರಿಗೂ ಆಗ್ತಿರಲಿಲ್ಲ, ಅಲ್ಲೇ ಇರೋದು ಕಷ್ಟ. ಆ ನರ್ಸ್‌ಗಳ ಪ್ರೀತಿ ದೊಡ್ಡದು, ಒಪ್ತೀನಿ, ಆದ್ರೆ ನಮ್ಮ ಪ್ರೀತಿನೇ ರೋಗಿಯ ಇಷ್ಟ ಅಂತ ಅಂದ್ಕೊಂಡುಬಿಡೋದೂ ತಪ್ಪು ಅನ್ಸುತ್ತೆ ನಂಗೆ. ನಿಮ್ಮ ಮೇಡಂ ಕ್ಲಾಸಲ್ಲಿ ಅಟಾನಮಿ, ಅಂದ್ರೆ ಆ ರೋಗಿಯ ಸ್ವಂತ ನಿರ್ಧಾರದ ಪಾಠ ಮಾಡಿದ್ರೆ ಇದನ್ನ ಕೇಳು, ಚರ್ಚೆ ಆಗ್ಲಿ.

ಇನ್ನು ಈಗಿನ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡ್ಕೊಂಡಿರೋ ಫೋಟೋ ನಿಮ್ಮ ಕಾಲೇಜಲ್ಲೂ ಇದ್ದೇ ಇರುತ್ತೆ. ಎಲ್ಲರೂ ಕರುಣಾಮಯಿ ಅಂತ ಹೇಳಿ ಕೈ ತೊಳ್ಕೋತಾರೆ, ಅದು ಅರ್ಧ ಕಥೆ. 1854ರಲ್ಲಿ ಕ್ರಿಮಿಯನ್ ಯುದ್ಧ ನಡೀತಿದ್ದಾಗ 38 ಜನ ಹೆಂಗಸರನ್ನ ಕರ್ಕೊಂಡು ಟರ್ಕಿಯ ಸ್ಕುಟಾರಿ ಮಿಲಿಟರಿ ಆಸ್ಪತ್ರೆಗೆ ಹೋದ್ರು, ಚೆನ್ನಾಗಿ ನೋಡ್ಕೊಂಡ್ರು, ಊಟ ಬಟ್ಟೆ ಎಲ್ಲ ವ್ಯವಸ್ಥೆ ಮಾಡಿದ್ರು, ಆದ್ರೂ ಆ ಚಳಿಗಾಲದಲ್ಲಿ ಸಾವು ಜಾಸ್ತಿನೇ ಆಗ್ತಾ ಹೋಯ್ತು, 1855ರ ಫೆಬ್ರವರಿಲಿ ಶೇಕಡಾ 42ಕ್ಕೆ ಹೋಯ್ತು. ಯಾಕಂದ್ರೆ ಆ ಕಟ್ಟಡದ ಕೆಳಗಡೆ ಚರಂಡಿ ಕಟ್ಟಿಕೊಂಡು ಕೊಳೀತಿತ್ತು. ಮಾರ್ಚಲ್ಲಿ ಲಂಡನ್ನಿಂದ ಸ್ಯಾನಿಟರಿ ಕಮಿಷನ್ ಬಂದು ಚರಂಡಿ ಕ್ಲೀನ್ ಮಾಡಿ ಗಾಳಿ ಬರೋ ಹಾಗೆ ಮಾಡಿದ್ಮೇಲೆ ಕೆಲವೇ ತಿಂಗಳಲ್ಲಿ ಸಾವು ಶೇಕಡಾ 2ರ ಸುಮಾರಿಗೆ ಇಳೀತು. ಯುದ್ಧ ಮುಗಿದು ವಾಪಸ್ ಬಂದ ಮೇಲೆ ಆಯಮ್ಮ ಕೂತ್ಕೊಂಡು ಎಷ್ಟು ಜನ ಗಾಯದಿಂದ ಸತ್ರು ಎಷ್ಟು ಜನ ತಡೆಯಬಹುದಾಗಿದ್ದ ಕಾಯಿಲೆಯಿಂದ ಸತ್ರು ಅಂತ ಲೆಕ್ಕ ಹಾಕಿ ಬಣ್ಣದ ಚಿತ್ರ ಬರೆದು ಸರ್ಕಾರದ ಮುಂದೆ ಇಟ್ರು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಲಿ ನರ್ಸಿಂಗ್ ಸ್ಕೂಲ್ ಶುರು ಮಾಡ್ಸಿದ್ದೂ ಇದೆಲ್ಲ ಆದ್ಮೇಲೇನೇ. ನಂಗೆ ಆಯಮ್ಮನ ದೀಪಕ್ಕಿಂತ ಆ ಲೆಕ್ಕದ ಪುಸ್ತಕ ಇಷ್ಟ. ಕರುಣೆ ಒಂದರಿಂದಲೇ ಆಗೋ ಹಾಗಿದ್ರೆ ನಿಮ್ಮಜ್ಜಿನೂ ನರ್ಸೇ ಆಗಿರ್ತಿದ್ರು. ನೀನು ಅನಾಟಮಿ, ಮೈಕ್ರೋಬಯಾಲಜಿ ಬೇಜಾರು ಅಂತೀಯಲ್ಲ, ಅದಿಲ್ಲದ ಕಾಳಜಿಯಿಂದ ರೋಗಿಗೆ ಹೆಚ್ಚೇನೂ ಉಪಯೋಗ ಇಲ್ಲ ಕಂದ.

ಲ್ಯಾಂಪ್ ಲೈಟಿಂಗ್ ದಿನ, ಅದೇ ಹೊಸ ನರ್ಸಿಂಗ್ ಮಕ್ಕಳು ದೀಪ ಹಚ್ಚೋ ಸಮಾರಂಭದ ದಿನ, ನಿಮಗೆಲ್ಲ ನೈಟಿಂಗೇಲ್ ಪ್ರತಿಜ್ಞೆ ಹೇಳಿಸ್ತಾರೆ. ಅದು ನೈಟಿಂಗೇಲ್ ಬರೆದಿದ್ದಲ್ಲ, 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಅನ್ನೋರು ಮತ್ತೆ ಅವರ ಜೊತೆಯವರು ಬರೆದಿದ್ದು, ಆಯಮ್ಮನ ಹೆಸರಿಟ್ರು ಅಷ್ಟೇ. ಅದರಲ್ಲಿ ರೋಗಿಯ ಗುಟ್ಟು ಕಾಪಾಡ್ತೀನಿ ಅನ್ನೋದು ಇದೆ, ಅದು ಇವತ್ತಿಗೂ ಬಂಗಾರ. ಡಾಕ್ಟರ ಕೆಲಸದಲ್ಲಿ ನಿಷ್ಠೆಯಿಂದ ಸಹಾಯ ಮಾಡ್ತೀನಿ ಅನ್ನೋದೂ ಇದೆ, ಅದನ್ನ ಸ್ವಲ್ಪ ಹುಷಾರಾಗಿ ಅರ್ಥ ಮಾಡ್ಕೋ. ಇಂಟರ್‌ನ್ಯಾಷನಲ್ ಕೌನ್ಸಿಲ್ ಆಫ್ ನರ್ಸಸ್ 1953ರಲ್ಲಿ ಒಂದು ನೀತಿ ಸಂಹಿತೆ ಮಾಡ್ತು, ಕಾಲಕಾಲಕ್ಕೆ ತಿದ್ದಿದಾರೆ, 2021ರಲ್ಲೂ ತಿದ್ದಿದ್ರು, ಅದರ ಪ್ರಕಾರ ನರ್ಸಿನ ಮೊದಲ ಜವಾಬ್ದಾರಿ ಆರೈಕೆ ಬೇಕಾಗಿರೋ ಜನಕ್ಕೆ, ಡಾಕ್ಟರಿಗಲ್ಲ, ಆಸ್ಪತ್ರೆ ಓನರ್‌ಗೂ ಅಲ್ಲ. ಕೇಸ್ ಶೀಟಲ್ಲಿ ಇನ್ಸುಲಿನ್ 10 ಅಂತ ಬರೆದು ಪಕ್ಕದಲ್ಲಿ ಯೂನಿಟ್‌ಗೆ ಬರೀ ಇಂಗ್ಲಿಷ್ ‘ಯು’ ಹಾಕಿರ್ತಾರೆ, ಅವಸರದ ಕೈಬರಹದಲ್ಲಿ ಅದು ಸೊನ್ನೆ ಥರ ಕಂಡು ಹತ್ತು ಹೋಗಿ ನೂರಾಗಿಬಿಡುತ್ತೆ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ (ಇಂಜೆಕ್ಷನ್ ಔಷಧಿಯ ಪುಟ್ಟ ಬಾಟಲಿ) ನೋಡೋಕೆ ಬೇರೆ ಆಂಪೂಲ್ ಥರಾನೇ ಇರುತ್ತೆ, ಡ್ರಿಪ್ಪಲ್ಲಿ ಬೆರೆಸದೆ ನೇರ ನರಕ್ಕೆ ಪುಶ್ ಮಾಡಿದ್ರೆ ಹಾರ್ಟ್ ನಿಂತುಹೋಗುತ್ತೆ. ಡೌಟ್ ಬಂದ್ರೆ ಔಷಧಿ ಟ್ರೇಲೇ ಇರ್ಲಿ, ಡಾಕ್ಟರಿಗೆ ಫೋನ್ ಮಾಡು, ರಾತ್ರಿ ಮೂರು ಗಂಟೆ ಆಗಿದ್ರೂ ಮಾಡು, ಬೈಸ್ಕೋ, ಏನೂ ಆಗಲ್ಲ. ಫೋನಲ್ಲಿ ಆರ್ಡರ್ ಹೇಳಿದ್ರೆ ಬರ್ಕೊಂಡು ಅವರಿಗೇ ಓದಿ ಹೇಳು, ಹೌದಾ ಸಾರ್ ಅಂತ ಕೇಳು. ಒಳ್ಳೆ ಡಾಕ್ಟ್ರು ಯಾರೂ ಅದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ನಾನು ಗಂಡು ನರ್ಸ್ ಆಗಿರೋದ್ರಿಂದ ಕಲಿತಿದ್ದು ಒಂದಿದೆ, ಅದು ನಿಮಗೆ ಹುಡುಗೀರಿಗೆ ತಡವಾಗಿ ಗೊತ್ತಾಗುತ್ತೆ ಅನ್ಸುತ್ತೆ. ಹೆಣ್ಮಕ್ಕಳಿಗೆ ಇಸಿಜಿ ತೆಗೀಬೇಕಾದ್ರೂ ನಾನು ಮೊದಲು ಕೇಳ್ಬೇಕು, ಸ್ಕ್ರೀನ್ ಎಳೀಬೇಕು, ಒಬ್ಬ ಸಿಸ್ಟರನ್ನೋ ಆಯಾನನ್ನೋ ಜೊತೇಲಿ ನಿಲ್ಲಿಸ್ಕೋಬೇಕು, ಎಷ್ಟು ಬೇಕೋ ಅಷ್ಟೇ ಬಟ್ಟೆ ಸರಿಸಬೇಕು. ಬೇಡ ಅಂದ್ರೆ ಬೇಡ, ಸಿಸ್ಟರ್ ಬರೋ ತನಕ ಕಾಯ್ಬೇಕು. ಸಿಸ್ಟರ್‌ಗಳು ಕೆಲವರು ಹೆಂಗಸರೇ ಅಲ್ವಾ ಅಂತ ಸ್ಕ್ರೀನ್ ಹಾಕದೇ ಕ್ಯಾತೀಟರ್, ಅದೇ ಮೂತ್ರದ ಟ್ಯೂಬು, ಹಾಕಿಬಿಡ್ತಾರೆ, ಪಕ್ಕದ ಬೆಡ್ಡಿನ ಕಡೆಯೋರೆಲ್ಲ ನೋಡ್ತಾ ಇರ್ತಾರೆ. ಹಾಗೆ ಮಾಡ್ಬೇಡ. ಗಂಡಸರಿಗೂ ನಾಚಿಕೆ ಇರುತ್ತೆ, ಎಂಬತ್ತು ವರ್ಷದ ಅಜ್ಜನಿಗೂ ಇರುತ್ತೆ. ಪ್ರಜ್ಞೆ ಇಲ್ಲದವರ ಹತ್ರಾನೂ ‘ಅಜ್ಜಿ, ಮಗ್ಗಲು ತಿರುಗಿಸ್ತೀನಿ ಈಗ’ ಅಂತ ಹೇಳೇ ಮುಟ್ಟು. ಅವರಿಗೆ ಕೇಳ್ಸುತ್ತೋ ಇಲ್ವೋ, ನಿನ್ನ ಕೈ ಮಾತ್ರ ಮೆತ್ತಗಾಗುತ್ತೆ.

ಗುಟ್ಟಿನ ವಿಷಯ ಹೇಳಿದ್ನಲ್ಲ, ಎಚ್‌ಐವಿ ಇರೋರ ಬೆಡ್ಡಿಗೆ ಕೆಂಪು ಸ್ಟಿಕರ್ ಅಂಟಿಸೋದು, ಕೇಸ್ ಶೀಟ್ ಮೇಲೆ ಎಲ್ಲರಿಗೂ ಕಾಣೋ ಹಾಗೆ ದಪ್ಪಕ್ಷರದಲ್ಲಿ ಬರೆಯೋದು, ಇದೆಲ್ಲ ಹಳೇ ಚಾಳಿ, ಎಲ್ಲಾದ್ರೂ ಕಂಡ್ರೆ ನೀನು ಕಲೀಬೇಡ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಅವರ ಸ್ಟೇಟಸ್ ಬಹಿರಂಗ ಮಾಡೋ ಹಾಗಿಲ್ಲ. ಅಷ್ಟಕ್ಕೂ ಸ್ಟಿಕರ್ ನೋಡಿ ಗ್ಲೌಸ್ ಹಾಕ್ಕೊಳ್ಳೋದೇ ತಪ್ಪು ಲೆಕ್ಕ, ಟೆಸ್ಟೇ ಮಾಡಿಸದೇ ಇರೋರು ಪಕ್ಕದ ಬೆಡ್ಡಲ್ಲೇ ಇರಬಹುದು, ಅದಕ್ಕೇ ರಕ್ತ ಮುಟ್ಟೋ ಕೆಲಸ ಯಾರಿಗೆ ಮಾಡಿದ್ರೂ ಗ್ಲೌಸ್, ಎಲ್ಲರಿಗೂ ಒಂದೇ ರೂಲ್ಸು. ಕುಡಿದು ಬಿದ್ದು ಬಂದೋನು, ಬೇಡಿ ಹಾಕ್ಕೊಂಡು ಪೊಲೀಸರ ಜೊತೆ ಬರೋನು, ನಮ್ಮನ್ನೇ ಬಾಯಿಗೆ ಬಂದ ಹಾಗೆ ಬೈಯೋನು, ಅವರಿಗೂ ಅದೇ ಡ್ರೆಸಿಂಗು, ಅದೇ ಕ್ಲೀನು. ಮತ್ತೆ ವಾರ್ಡಲ್ಲಿ ಫೋನ್ ತೆಗೆದು ರೀಲ್ಸ್ ಗೀಲ್ಸ್ ಮಾಡಿದ್ರೆ ನೋಡು, ಹಿಂದೆ ಒಬ್ಬ ರೋಗಿ ಮುಖ ಕಂಡ್ರೂ ಸಾಕು ಅವರ ಮಾನ ಹೋಯ್ತು. ನಿಮ್ಮ ಬ್ಯಾಚಲ್ಲಿ ಯೂನಿಫಾರ್ಮ್ ಹಾಕ್ಕೊಂಡು ಸ್ಟೇಟಸ್ ಹಾಕಿರೋರನ್ನ ನಿಮ್ಮಮ್ಮ ತೋರಿಸಿದ್ಲು, ಹಾಸ್ಟೆಲಲ್ಲಿ ತೆಗೆದಿರೋದಾದ್ರೆ ಪರವಾಗಿಲ್ಲ.

ನಿಮ್ಮ ದೊಡ್ಡಪ್ಪ ಅವತ್ತು ಮನೇಲಿ, ನರ್ಸಿಂಗ್ ಅಂದ್ರೆ ಪುಣ್ಯದ ಕೆಲಸ, ದುಡ್ಡಿನ ಮುಖ ನೋಡಬಾರದು ಅಂದ್ರಲ್ಲ, ನಂಗೆ ಪಿತ್ತ ನೆತ್ತಿಗೇರಿತ್ತು, ದೊಡ್ಡೋರು ಅಂತ ಸುಮ್ನಿದ್ದೆ. ಪುಣ್ಯದ ಕೆಲಸ ಅಂತ ಹಾರ ಹಾಕಿ ಹಾಕಿಯೇ ಪ್ರೈವೇಟ್ ಆಸ್ಪತ್ರೆಗಳಲ್ಲಿ ಹುಡುಗೀರನ್ನ ಕಡಿಮೆ ಸಂಬಳಕ್ಕೆ ಡಬಲ್ ಡ್ಯೂಟಿ ಮಾಡಿಸೋದು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ಕೇಂದ್ರ ಸರ್ಕಾರ ಮಾಡಿದ ಕಮಿಟಿ, ಐವತ್ತು ಬೆಡ್ಡಿಗಿಂತ ಚಿಕ್ಕ ಪ್ರೈವೇಟ್ ಆಸ್ಪತ್ರೆಲೂ ತಿಂಗಳಿಗೆ 20,000ಕ್ಕಿಂತ ಕಡಿಮೆ ಕೊಡಬಾರದು, ಇನ್ನೂರಕ್ಕಿಂತ ಜಾಸ್ತಿ ಬೆಡ್ ಇದ್ರೆ ಸರ್ಕಾರಿ ನರ್ಸಿನ ಸಮ ಕೊಡಬೇಕು ಅಂತ ಶಿಫಾರಸು ಮಾಡಿತ್ತು. ಪೇಪರಲ್ಲಿದೆ, ಎಷ್ಟು ಕಡೆ ಕೊಡ್ತಾರೆ ಅನ್ನೋದು ನಿನ್ನ ಸೀನಿಯರ್‌ಗಳನ್ನೇ ಕೇಳು. ಹದಿನಾರು ಗಂಟೆ ನಿಂತಿರೋ ನರ್ಸ್ ಎಷ್ಟೇ ಒಳ್ಳೆಯವಳಾದ್ರೂ ಕಣ್ಣು ಮಂಜಾಗಿ ತಪ್ಪು ಆಂಪೂಲ್ ಒಡೀತಾಳೆ, ಅದಕ್ಕೇ ಸಂಬಳ, ರಜ, ಸ್ಟಾಫ್ ಸಂಖ್ಯೆ ಕೇಳೋದೂ ರೋಗಿಗೋಸ್ಕರ ಮಾಡೋ ಕೆಲಸಾನೇ, ನಾಚ್ಕೋಬೇಡ. ಅರುಣಾ ಮೇಲೆ ದಾಳಿ ಆದಾಗ ಮುಂಬೈ ನರ್ಸ್‌ಗಳು ಸ್ಟ್ರೈಕ್ ಮಾಡಿ ಸೇಫಾಗಿ ಕೆಲಸ ಮಾಡೋ ಜಾಗ ಕೊಡಿ ಅಂತ ಕೇಳಿದ್ರು, ಅವಳನ್ನ ಅಷ್ಟು ವರ್ಷ ತೊಳೆದು ಒರೆಸಿ ನೋಡ್ಕೊಂಡಿದ್ದೂ ಅದೇ ಮುಂಬೈ ನರ್ಸ್‌ಗಳು.

ಮುಂದಿನ ವಾರ ವೈಟಲ್ಸ್, ಅಂದ್ರೆ ನಾಡಿ, ಉಸಿರು, ಬಿಪಿ, ಜ್ವರ ನೋಡೋದು ಶುರು ಅಂದ್ಯಲ್ಲ, ನಿನ್ನ ಸ್ಮಾರ್ಟ್ ವಾಚ್ ನಡೆಯಲ್ಲ, ಸೆಕೆಂಡ್ ಮುಳ್ಳು ಇರೋ ವಾಚ್ ಬೇಕು, ನನ್ನ ಹಳೇದು ಶೆಲ್ ಹಾಕಿಸಿ ಕೊರಿಯರ್ ಮಾಡಿದೀನಿ. ನಾಡಿ ಎಣಿಸಿ ಆದ್ಮೇಲೆ ಕೈ ಬಿಡಬೇಡ, ಮಣಿಕಟ್ಟು ಹಿಡ್ಕೊಂಡೇ ಎದೆ ನೋಡ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸು, ಉಸಿರು ಎಣಿಸ್ತಾ ಇದೀನಿ ಅಂತ ಹೇಳಿದ್ರೆ ಅವರು ಉಸಿರಾಡೋ ರೀತಿನೇ ಬದಲಾಗಿಬಿಡುತ್ತೆ. ಬಹಳ ಜನ ಎಣಿಸದೇನೇ 20 ಅಂತ ಬರೆದುಬಿಡ್ತಾರೆ, ಯಾವ ವಾರ್ಡಿಗೆ ಹೋಗಿ ಚಾರ್ಟ್ ತೆಗೆದು ನೋಡಿದ್ರೂ ಎಲ್ಲರದ್ದೂ 20, ಒಂದು ಸಲ ನೀನೇ ನೋಡು ನಗು ಬರುತ್ತೆ. ಆದ್ರೆ ರೋಗಿ ಕೆಡ್ತಾ ಇದಾನೆ ಅಂತ ಎಷ್ಟೋ ಸಲ ಬಿಪಿಗಿಂತ ಮುಂಚೆ ಹೇಳೋದು ಅದೇ ಉಸಿರು. ಶೂ ಮಾತ್ರ ಅಲ್ಲೇ ಹಾಕ್ಕೊಂಡು ನೋಡಿ ತಗೋ, ಮುಂದುಗಡೆ ಮುಚ್ಚಿರಬೇಕು, ಸಾಯಂಕಾಲ ಕಾಲು ಊದುತ್ತೆ ಅದಕ್ಕೆ ಸ್ವಲ್ಪ ಸಡಿಲ ಇರಲಿ, ದುಡ್ಡು ನಿಮ್ಮಮ್ಮ ಫೋನ್‌ಪೇ ಮಾಡ್ತಾಳೆ.

ಅಪ್ಪ